ಜೇಬೆಜ್ ಥರ್ಲೋ ಬೆನ್ನು ತಿರುಗಿಸಿದ್ದು

ಆಗಸ್ಟ್ ತಿಂಗಳ ಎರಡನೆಯ ಭಾನುವಾರ, ಅಂದರೆ ನಮ್ಮ ಸಬ್ಬತ್ ದಿನ, ಪಾದ್ರಿ ಕ್ರೇನ್ ಅವರು ಕಮ್ಮಾರನ ಕೂಸಿಗೆ ದೀಕ್ಷಾಸ್ನಾನದ ನೀರು ಹಾಕುತ್ತಿದ್ದಾಗ, ಜೇಬೆಜ್ ಥರ್ಲೋ ಬೆನ್ನು ತಿರುಗಿಸಿ ನಿಂತ. ಇಡೀ ಮಾರ್ಷ್‌ವೆಲ್ ಊರು ಪೀಠದ ಕಡೆ ಮುಖ ಮಾಡಿತ್ತು. ಜೇಬೆಜ್ ಒಬ್ಬ ಹಿಂದಿನ ಕಿಟಕಿಯ ಕಡೆ ಮುಖ ಮಾಡಿದ್ದ.

ಕಾರಣ ಒಂದು ಹಂದಿ. ಸಭಾಮಂದಿರದ ಹಿಂದಿನ ಕಿಟಕಿಯಿಂದ ಅವನ ಮುಸುಕಿನ ಜೋಳದ ಹೊಲ ಕಾಣುತ್ತದೆ. ಪಾದ್ರಿಗಳು ಕೂಸಿನ ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ದಂಟು ಮುರಿಯುವ ಸದ್ದು ಕೇಳಿತು. ಒಂಬತ್ತು ವರ್ಷ ಮರದ ಬುಡ ಕಿತ್ತು, ಕಲ್ಲು ಹೊತ್ತು ಹೊಲ ಮಾಡಿದವನ ಕಿವಿ ಅದು. ದೇವರ ವಾಕ್ಯಕ್ಕೆ ಒಮ್ಮೊಮ್ಮೆ ಮಂದವಾದರೂ ಆ ಸದ್ದಿಗೆ ಮಂದವಾಗುವುದಿಲ್ಲ. ತಿರುಗಿ ನೋಡಿದ. ಸಭೆಯ ಹಿರಿಯ ಗಿಡಿಯನ್ ಪೆಲ್ ಅವರ ಕಪ್ಪು ಹಂದಿ ಬೇಲಿ ನುಗ್ಗಿ ಬಂದು, ಹಾಲು ತುಂಬಿದ ತೆನೆಗಳನ್ನು ಒಂದೊಂದಾಗಿ ಮುಗಿಸುತ್ತಿತ್ತು. ಆರಾಧನೆಯ ನಡುವೆ ಓಡುವ ಹಾಗಿಲ್ಲ, ಕೂಗುವ ಹಾಗಿಲ್ಲ. ಹಾಗಾಗಿ ನೋಡುತ್ತಾ ನಿಂತ. ಹೊಟ್ಟೆ ಉರಿಯುವಾಗ ಹೊತ್ತು ಹೋದದ್ದು ತಿಳಿಯುವುದಿಲ್ಲ. ಅವನು ಮತ್ತೆ ಮುಂದಕ್ಕೆ ತಿರುಗುವಷ್ಟರಲ್ಲಿ ದೀಕ್ಷಾಸ್ನಾನ ಮುಗಿದು ಕೀರ್ತನೆ ಶುರುವಾಗಿತ್ತು.

ಬೇರೆ ಊರಿನಲ್ಲಾಗಿದ್ದರೆ ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲವೇನೋ. ನಮ್ಮ ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ ಹಾಗಲ್ಲ. ಇಂಗ್ಲೆಂಡಿನ ಬಿಷಪ್ಪರು ನಮ್ಮ ಮನಸ್ಸಿಗೆ ಬಂದ ಹಾಗೆ ಆರಾಧನೆ ಮಾಡಲು ಬಿಡಲಿಲ್ಲವೆಂದು ಸಮುದ್ರ ದಾಟಿ ಬಂದವರು ನಾವು. ಬಂದ ಮೇಲೆ, ಇಲ್ಲಿ ಇನ್ನಾರೂ ತಮ್ಮ ಮನಸ್ಸಿಗೆ ಬಂದ ಹಾಗೆ ಆರಾಧನೆ ಮಾಡದಂತೆ ನೋಡಿಕೊಳ್ಳುವುದರಲ್ಲೇ ನಮ್ಮ ಅರ್ಧ ಆಯಸ್ಸು ಹೋಗುತ್ತದೆ. ಅದರಲ್ಲೂ 'ಮುಳುಗುವವರು' ಎಂದು ನಾವು ಕರೆಯುವ ಮಂದಿ ಇದ್ದಾರೆ. ಕೂಸಿಗೆ ನೀರು ಹಾಕಿ ಪ್ರಯೋಜನವಿಲ್ಲ, ಬುದ್ಧಿ ಬಂದವನು ತಾನಾಗಿ ನಂಬಿ ಹೊಳೆಯಲ್ಲಿ ಮುಳುಗಿ ಏಳಬೇಕು ಎನ್ನುವುದು ಅವರ ವಾದ. ಅವರು ಗಲಾಟೆ ಮಾಡುವುದಿಲ್ಲ. ಸಭೆಯಲ್ಲಿ ಕೂಸಿಗೆ ನೀರು ಹಾಕುವಾಗ ಸುಮ್ಮನೆ ಬೆನ್ನು ತಿರುಗಿಸುತ್ತಾರೆ. ಹಾಗೆ ತಿರುಗಿಸಿದವರನ್ನು ಗಡೀಪಾರು ಮಾಡಬೇಕೆಂದು ಕಾನೂನಿದೆ.

ಜೇಬೆಜ್‌ನನ್ನು ಮೊದಲು ಕಂಡವನು ಕೋಲುಗಾರ ಸ್ಟೋಕ್ಸ್. ಆರಾಧನೆಯಲ್ಲಿ ತೂಕಡಿಸುವವರನ್ನು ಉದ್ದನೆಯ ಕೋಲಿನಿಂದ ಎಬ್ಬಿಸುವುದು ಅವನ ಕೆಲಸ. ಕೋಲಿನ ಒಂದು ತುದಿಯಲ್ಲಿ ಮರದ ಗುಂಡು, ಅದು ಗಂಡಸರ ತಲೆಗೆ. ಇನ್ನೊಂದು ತುದಿಯಲ್ಲಿ ನರಿಯ ಬಾಲ, ಅದು ಹೆಂಗಸರ ಮುಖಕ್ಕೆ. ಬೆನ್ನು ತಿರುಗಿಸಿದವರಿಗೆ ಯಾವ ತುದಿ ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಾಗಾಗಿ ಅವನು ಅಲ್ಲಿ ಏನೂ ಮಾಡದೆ, ಆರಾಧನೆ ಮುಗಿದ ಮೇಲೆ ಪಾದ್ರಿಗಳ ಮನೆಗೆ ಹೋಗಿ ವರದಿ ಒಪ್ಪಿಸಿದ.

ಮರುದಿನ ಪಾದ್ರಿ ಕ್ರೇನ್ ಮತ್ತು ಹಿರಿಯ ಪೆಲ್ ಇಬ್ಬರೂ ಥರ್ಲೋ ಮನೆಗೆ ಬಂದರು.

"ಸೋದರ ಥರ್ಲೋ, ನಿನ್ನೆ ನೀನು ಪೀಠಕ್ಕೆ ಬೆನ್ನು ಹಾಕಿ ನಿಂತಿದ್ದು ಹೌದೋ ಅಲ್ವೋ?" ಎಂದರು ಪಾದ್ರಿಗಳು.

"ಹೌದು ಅಯ್ಯಾ. ಹಂದಿ ಬಂದಿತ್ತು."

"ಯಾವ ಹಂದಿ?"

ಜೇಬೆಜ್ ಪೆಲ್ ಅವರ ಕಡೆ ನೋಡಿದ. "ಇವರದ್ದೇ."

"ನನ್ನ ಹಂದಿ ಕತ್ತಿಗೆ ನೊಗ ಹಾಕಿದ್ದೀನಿ. ಊರ ಕಟ್ಟಳೆ ಪ್ರಕಾರ," ಎಂದರು ಪೆಲ್. "ನೊಗ ಹಾಕಿದ ಹಂದಿ ಬೇಲಿ ನುಗ್ಗಲ್ಲ. ನುಗ್ಗಲ್ಲ ಅಂದ್ಮೇಲೆ ಬಂದಿಲ್ಲ. ಬಂದಿಲ್ಲ ಅಂದ್ಮೇಲೆ ನೀನು ನೋಡಿಲ್ಲ."

"ನೊಗ ಇರ್ಲಿಲ್ಲ ಯಜಮಾನ್ರೇ. ಮುರಿದ ದಂಟು ಇನ್ನೂ ಹಾಗೇ ಬಿದ್ದಿದೆ, ಬನ್ನಿ, ತೋರಿಸ್ತೀನಿ."

"ದಂಟು ಯಾರು ಬೇಕಾದ್ರೂ ಮುರೀಬಹುದು."

ಪಾದ್ರಿಗಳು ಕೈ ಎತ್ತಿ ಇಬ್ಬರನ್ನೂ ಸುಮ್ಮನಾಗಿಸಿದರು. "ಹಂದಿ ಬಂದಿತ್ತು ಅಂತಲೇ ಇಟ್ಕೊಳ್ಳೋಣ. ಸಬ್ಬತ್ ದಿನ, ದೇವರ ಸನ್ನಿಧಿಯಲ್ಲಿ ನಿಂತು, ಜೋಳದ ಚಿಂತೆ ಮಾಡ್ದೆ ಅಂತ ನೀನೇ ಹೇಳ್ತಿದ್ದೀಯ. ಅದೂ ಪಾಪವೇ. ನಾನು ಆ ಪಾಪದ ವಿಷಯ ಕೇಳಿಯೇ ಇರ್ಲಿಲ್ಲ. ಕೇಳದೆ ಇರೋ ಪಾಪವನ್ನ ಯಾರಪ್ಪಾ ತಾನಾಗಿ ಒಪ್ಕೊಳ್ತಾರೆ? ಅದಕ್ಕಿಂತ ದೊಡ್ಡದನ್ನ ಮುಚ್ಚಿಡೋರು ತಾನೇ?"

"ಎಂಥ ಮಾತು!" ಎಂದರು ಪೆಲ್.

ಜೇಬೆಜ್‌ಗೂ ಅದು ಎಂಥ ಮಾತು ಅನ್ನಿಸಿತು, ಬೇರೆ ಅರ್ಥದಲ್ಲಿ. ತೀರ್ಮಾನ ಇಷ್ಟಾಯಿತು: ಸಂಶಯ ತೀರುವವರೆಗೆ ಪಾದ್ರಿಗಳು ಬುಧವಾರ ಬುಧವಾರ ಬಂದು ಅವನ ಜೊತೆ ವಾದ ಮಾಡಿ ಅವನನ್ನು ದಾರಿಗೆ ತರುವುದು. ಅಲ್ಲಿಯವರೆಗೆ ಆ ಮನೆಯ ಯಾವ ಕೂಸಿಗೂ ದೀಕ್ಷಾಸ್ನಾನವಿಲ್ಲ. ದಾರಿಗೆ ಬಾರದಿದ್ದರೆ ವಿಷಯ ನ್ಯಾಯಸಭೆಗೆ ಹೋಗುವುದು, ಜೇಬೆಜ್ ವಸಾಹತಿನಿಂದಾಚೆ ಹೋಗುವುದು.

ಮೂಲೆಯಲ್ಲಿ ನಿಂತಿದ್ದ ಅವನ ಹೆಂಡತಿ ಡಾರ್ಕಸ್ ಆಗ ಏಳು ತಿಂಗಳ ಬಸುರಿ.

ಇಬ್ಬರೂ ಹೊರಟುಹೋದ ಮೇಲೆ ಅವಳು ಗಂಡನ ಮೇಲೆ ರೇಗಿದಳು. "ಹಂದಿ ತಿಂದ್ರೆ ತಿನ್ಲಿ ಅಂತ ಮುಂದೆ ನೋಡ್ಕೊಂಡು ನಿಂತ್ಕೊಳ್ಳೋಕೆ ಆಗ್ಲಿಲ್ವಾ ನಿಮಗೆ? ಎಷ್ಟು ತೆನೆ ತಿಂದಿತ್ತು ಅದು, ಒಂದು ಹತ್ತು? ಆ ಹತ್ತು ತೆನೆಗೆ ನನ್ನ ಮಗೂಗೆ ನೀರಿಲ್ಲದ ಹಾಗೆ ಮಾಡಿಬಿಟ್ರಲ್ಲ."

"ಹತ್ತಕ್ಕಿಂತ ಜಾಸ್ತಿ," ಎಂದ ಜೇಬೆಜ್. ಅವನಿಗೆ ಮಾತಿನ ಹದ ಗೊತ್ತಿಲ್ಲ.

ಅವಳು ಹಾಗೆ ರೇಗಲು ಕಾರಣವಿತ್ತು. ಎರಡು ವರ್ಷದ ಹಿಂದೆ, ಜನವರಿಯಲ್ಲಿ, ಅವಳಿಗೆ ಗಂಡು ಕೂಸು ಹುಟ್ಟಿ ನಾಲ್ಕನೆಯ ದಿನ ತೀರಿಕೊಂಡಿತು. ಸಬ್ಬತ್ತಿಗೆ ಇನ್ನೂ ಎರಡು ದಿನ ಇತ್ತು. ನಮ್ಮಲ್ಲಿ ನೀರು ಹಾಕುವುದು ಸಬ್ಬತ್ ದಿನ, ಸಭೆಯ ಮುಂದೆ ಮಾತ್ರ. ಮನೆಗೆ ಬಂದು ಅವಸರದಲ್ಲಿ ಹಾಕುವುದು ನಾವು ದೂರ ಇಟ್ಟಿರುವ ಪೋಪನ ಕಡೆಯವರ ಪದ್ಧತಿ. ಹಾಗಾಗಿ ಕೂಸು ಒಣ ತಲೆಯಲ್ಲೇ ಹೋಯಿತು. ಹೂಳಿ ಬಂದ ಮೇಲೆ ಡಾರ್ಕಸ್ ಪಾದ್ರಿಗಳನ್ನು ಕೇಳಿದ್ದಳು, "ಅಯ್ಯಾ, ಅದು ಈಗ ಎಲ್ಲಿದೆ?" ಎಂದು. ಪಾದ್ರಿ ಕ್ರೇನ್ ಸುಳ್ಳು ಹೇಳುವ ಜಾತಿಯವರಲ್ಲ. "ಅದು ದೇವರ ಗುಟ್ಟಮ್ಮಾ," ಎಂದಿದ್ದರು. ಅವಳು ಅದನ್ನು ಮತ್ತೆ ಯಾರ ಹತ್ತಿರವೂ ಎತ್ತಿರಲಿಲ್ಲ. ಈ ಸಲ ಮಾತ್ರ ಹುಟ್ಟಿದ ಮೊದಲ ಸಬ್ಬತ್ತಿಗೇ ನೀರು ಬೀಳಬೇಕು ಎಂದು ಕಾಯುತ್ತಿದ್ದಳು. ಜೇಬೆಜ್‌ಗೆ ಅದು ಗೊತ್ತಿತ್ತು. ಪಾದ್ರಿಗಳು ಏನು ಹೇಳಿದರೂ ಹೂಂ ಎನ್ನುವುದೆಂದು ಅವನು ಆವತ್ತೇ ನಿಶ್ಚಯಿಸಿದ.

ಅದೇ ಎಡವಟ್ಟಾಯಿತು.

ಮೊದಲ ಬುಧವಾರ ಪಾದ್ರಿಗಳು ಬಂದು ಕುಳಿತು, ಡಾರ್ಕಸ್ ಕೊಟ್ಟ ಬಿಯರ್ ಕುಡಿದು, ಕಾಕಂಬಿ ಹಾಕಿದ ಜೋಳದ ಕಡುಬಿಗೆ ಚಮಚ ಹಾಕಿ, "ದೇವರು ಅಬ್ರಹಾಮನಿಗೂ ಅವನ ಸಂತಾನಕ್ಕೂ ಮಾತು ಕೊಟ್ಟ ಒಡಂಬಡಿಕೆಯಿಂದ ಶುರು ಮಾಡೋಣ," ಎಂದರು.

"ಒಪ್ಪಿದೆ ಅಯ್ಯಾ," ಎಂದ ಜೇಬೆಜ್.

"ನಾನಿನ್ನೂ ಏನೂ ಹೇಳಿಲ್ಲ."

"ಹೇಳೋ ಮುಂಚೇನೇ ಒಪ್ಪಿದೆ."

ಪಾದ್ರಿಗಳು ಚಮಚ ಕೆಳಗಿಟ್ಟರು. "ವಿಷಯ ಕೇಳದೆ ಪಾದ್ರಿ ಹೇಳಿದ್ದಕ್ಕೆಲ್ಲ ತಲೆ ಆಡಿಸೋದು ಪೋಪನ ಕಡೆಯವರ ಬುದ್ಧಿ." ಹೀಗೆ ಜೇಬೆಜ್ ಮೇಲೆ ಇದ್ದ ಒಂದು ಸಂಶಯ ಎರಡಾಯಿತು.

ನಿಜ ಹೇಳಬೇಕೆಂದರೆ ಪಾದ್ರಿಗಳಿಗೆ ನಿರಾಸೆಯಾಗಿತ್ತು. ಮುಳುಗುವವರ ವಾದವನ್ನೆಲ್ಲ ಪುಡಿ ಮಾಡುವ ಇಪ್ಪತ್ತು ಹಾಳೆಯ ಬರಹವೊಂದನ್ನು ಅವರು ಓದುವ ಕಾಲದಲ್ಲೇ ಬರೆದಿಟ್ಟುಕೊಂಡಿದ್ದರು. ಮಾರ್ಷ್‌ವೆಲ್‌ಗೆ ಬಂದು ಹನ್ನೊಂದು ವರ್ಷವಾದರೂ ಅದನ್ನು ಪ್ರಯೋಗಿಸಲು ಒಬ್ಬ ಮುಳುಗುವವನೂ ಸಿಕ್ಕಿರಲಿಲ್ಲ. ಸಿಕ್ಕಿದವನು ಎಲ್ಲದಕ್ಕೂ ಹೂಂ ಎನ್ನುತ್ತಾನೆ. ಎದುರಾಳಿ ಇಲ್ಲದೆ ವಾದ ಹೇಗೆ? ಎರಡನೆಯ ಬುಧವಾರ ಅವರೇ ಉಪಾಯ ಹುಡುಕಿದರು. ಒಲೆಯ ಪಕ್ಕದ ಮೂರು ಕಾಲಿನ ಸ್ಟೂಲಿನ ಮೇಲೆ ಕುಳಿತಾಗ ಅವರು ಮುಳುಗುವವರ ಪರ. ಎದ್ದು ಬಂದು ಕೈಕುರ್ಚಿಯಲ್ಲಿ ಕುಳಿತಾಗ ಅವರು ಪಾದ್ರಿ.

ಸ್ಟೂಲಿನ ಮೇಲಿಂದ: "ಎಲ್ಲಿ, ಇಡೀ ಬೈಬಲ್‌ನಲ್ಲಿ ಒಂದೇ ಒಂದು ಕೂಸಿಗೆ ನೀರು ಹಾಕಿದ್ದು ತೋರಿಸಿ ನೋಡೋಣ!"

ಕುರ್ಚಿಯಿಂದ: "ಅಬ್ರಹಾಮನ ಮಕ್ಕಳಿಗೆ ಎಂಟನೇ ದಿನ ಸುನ್ನತಿ ಮಾಡಿ ಒಡಂಬಡಿಕೆಯ ಗುರುತು ಹಾಕಿದ್ದು ಮರ್ತ್ಯಾ?"

ಸ್ಟೂಲಿನ ಮೇಲಿಂದ: "ನಂಬಿಕೆ ಅಂದ್ರೆ ಏನು ಅಂತ ಗೊತ್ತಿಲ್ಲದ ಕೂಸು ನಂಬಿಕೆಯ ಗುರುತು ಇಟ್ಕೊಂಡು ಏನು ಮಾಡುತ್ತೆ? ಚೀರುತ್ತೆ!"

ಕುರ್ಚಿಗೆ ಬಂದರೆ ಮತ್ತೆ ಅಬ್ರಹಾಮ. ಜೇಬೆಜ್ ಹೆಚ್ಚು ಓದಿದವನಲ್ಲ, ಆದರೂ ಪಾದ್ರಿಗಳು ಸ್ಟೂಲಿನ ಮೇಲೆ ಕುಳಿತಾಗ ಚೆನ್ನಾಗಿ ಮಾತಾಡುತ್ತಾರೆ ಎಂದು ಅವನಿಗೂ ಅನ್ನಿಸಿತು. ಹೇಳಲಿಲ್ಲ. ಅವನ ಮನಸ್ಸೆಲ್ಲ ಜೋಳ ಮುರಿಯುವುದರ ಮೇಲಿತ್ತು. ಡಾರ್ಕಸ್ ಕಿಟಕಿಯ ಪಕ್ಕ ರಾಟೆ ತಿರುಗಿಸುತ್ತಾ ಕೇಳುತ್ತಿದ್ದಳು.

ಐದನೆಯದೋ ಆರನೆಯದೋ ಬುಧವಾರ ಪಾದ್ರಿಗಳು ಸತ್ತ ಕೂಸುಗಳ ವಿಷಯಕ್ಕೆ ಬಂದರು. ಅವರಿಗೆ ಈ ಮನೆಯಲ್ಲಿ ಆದದ್ದು ಆ ಕ್ಷಣಕ್ಕೆ ನೆನಪಿರಲಿಲ್ಲ. ಬರಹದಲ್ಲಿ ಮುಂದಿನ ಹಾಳೆ ಅದಾಗಿತ್ತು, ಅಷ್ಟೆ. ಸ್ಟೂಲಿನ ಮೇಲೆ ಕುಳಿತು, ಕೈ ಚಾಚಿ, ಒಳ್ಳೆಯ ಧ್ವನಿಯಲ್ಲಿ ಹೇಳಿದರು:

"ಬುದ್ಧಿ ಬರೋ ಮುಂಚೆ ಹೋದ ಕೂಸುಗಳನ್ನ ದೇವರು ತನ್ನ ಮಡಿಲಿಗೆ ತಗೋತಾನೆ. ಎಲ್ಲರ ಕೂಸನ್ನೂ. ಅಪ್ಪ ಯಾರು ಅಂತ ಕೇಳಲ್ಲ, ತಲೆ ಮೇಲೆ ನೀರು ಬಿದ್ದಿದೆಯಾ ಅಂತ ಮುಟ್ಟಿ ನೋಡಲ್ಲ. ಒಂದು ಹನಿ ನೀರಿಗೋಸ್ಕರ ಕಾಯೋವಷ್ಟು ಸಣ್ಣದಲ್ಲ ಅವನ ಕರುಣೆ."

ರಾಟೆ ನಿಂತಿತು.

ಪಾದ್ರಿಗಳು ಎದ್ದು ಕುರ್ಚಿಗೆ ಬಂದರು. "ನೋಡ್ದ್ಯಾ, ಎಷ್ಟು ಅಪಾಯದ ಮಾತು! ಎಲ್ಲರ ಕೂಸೂ ಅಂದ್ರೆ ಒಡಂಬಡಿಕೆಗೆ ಏನು ಬೆಲೆ ಉಳೀತು?"

"ಅಯ್ಯಾ," ಎಂದಳು ಡಾರ್ಕಸ್. ಇಷ್ಟು ವಾರಗಳಲ್ಲಿ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು. "ನನಗೆ ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಸ್ಟೂಲ್ ಮೇಲೆ ಕೂತ್ಕೊಂಡು ಹೇಳ್ತೀರಾ?"

ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಒಬ್ಬರು ಕೇಳಿಸಿಕೊಳ್ಳಲು ಆಸೆಪಟ್ಟಿದ್ದರು. ಪಾದ್ರಿಗಳು ಸಂತೋಷದಿಂದ ಸ್ಟೂಲಿಗೆ ಹೋಗಿ ಮೊದಲಿನಿಂದ ಹೇಳಿದರು. ಅವಳು ಮತ್ತೂ ಒಮ್ಮೆ ಕೇಳಿದಳು, ಅವರು ಮತ್ತೂ ಒಮ್ಮೆ ಹೇಳಿದರು. ಮೂರನೆಯ ಸಲಕ್ಕೆ ಅವರು ಕೈ ಚಾಚುವುದನ್ನೂ ಮರೆತಿದ್ದರು. ಉತ್ತರ ಹೇಳಲು ಕುರ್ಚಿಗೆ ಹೋಗುವ ಹೊತ್ತಿಗೆ ಹಸು ಕರೆಯುವ ಸಮಯವಾಗಿತ್ತು, ಅವರು ಹಾಗೆಯೇ ಮನೆಗೆ ಹೋದರು.

"ನಿನ್ನ ಹೆಂಡತಿಗೆ ದೇವಶಾಸ್ತ್ರದಲ್ಲಿ ಒಳ್ಳೆ ಆಸಕ್ತಿ ಕಣಯ್ಯಾ," ಎಂದು ಬಾಗಿಲಲ್ಲಿ ಜೇಬೆಜ್‌ಗೆ ಹೇಳಿದರು. ಜೇಬೆಜ್‌ಗೂ ಹೆಮ್ಮೆಯಾಯಿತು. ಅವಳು ತನಗೆ ಸಹಾಯವಾಗಲೆಂದು ಪಾದ್ರಿಗಳನ್ನು ಖುಷಿಪಡಿಸುತ್ತಿದ್ದಾಳೆ ಎಂದುಕೊಂಡ.

ಅಕ್ಟೋಬರಿನಲ್ಲಿ ಹೆಣ್ಣು ಕೂಸು ಹುಟ್ಟಿತು. ಮೊದಲ ಸಬ್ಬತ್ ಹೋಯಿತು, ಎರಡನೆಯದೂ ಹೋಯಿತು. ಪೆಲ್ ಅವರು ತಮ್ಮ ಹಂದಿಯ ನೊಗದ ವಿಷಯದಲ್ಲಿ ಒಂದು ಇಂಚೂ ಕದಲಲಿಲ್ಲ. ಜೇಬೆಜ್ ರಾತ್ರಿ ಎದ್ದೆದ್ದು ಕೂಸಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದ. ವಿಚಿತ್ರವೆಂದರೆ ಡಾರ್ಕಸ್ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿದ್ದಳು. ಹೆರಿಗೆಯ ಆಯಾಸ ಎಂದುಕೊಂಡ.

ಆಮೇಲೆ ದೇವರು ಕಣ್ಣು ಬಿಟ್ಟ. ನವೆಂಬರಿನ ಒಂದು ಬೆಳಿಗ್ಗೆ ಪೆಲ್ ಅವರ ಕಪ್ಪು ಹಂದಿ, ನೊಗವಿಲ್ಲದ ಬೋಳು ಕತ್ತಿನಲ್ಲಿ, ಪಾದ್ರಿಗಳ ಸ್ವಂತ ಹಿತ್ತಿಲಿಗೆ ನುಗ್ಗಿ ಚಳಿಗಾಲಕ್ಕೆಂದು ಕೂಡಿಟ್ಟಿದ್ದ ಕುಂಬಳಕಾಯಿಗಳನ್ನು ತಿಂದುಹಾಕಿತು. ದಂಟು ಯಾರು ಬೇಕಾದರೂ ಮುರಿಯಬಹುದು ಎಂಬ ವಾದ ಕುಂಬಳಕಾಯಿಗೆ ಒಪ್ಪುವುದಿಲ್ಲವೆಂದು ಪಾದ್ರಿಗಳಿಗೆ ಅವತ್ತೇ ಹೊಳೆಯಿತು. ಮಧ್ಯಾಹ್ನದೊಳಗೆ ಜೇಬೆಜ್ ನಿರ್ದೋಷಿ. ಹಂದಿಯ ಕಡೆ ನೋಡಿದ ಪಾಪಕ್ಕೆ ಸಭೆಯ ಮುಂದೆ ಕ್ಷಮೆ ಕೇಳಿ, ಶಿಶುಗಳ ದೀಕ್ಷಾಸ್ನಾನದಲ್ಲಿ ತನಗೆ ಪೂರ್ತಿ ನಂಬಿಕೆಯಿದೆ ಎಂದು ಒಂದು ಮಾತು ಹೇಳಿ, ಬರುವ ಸಬ್ಬತ್ತಿಗೇ ಕೂಸನ್ನು ತರಬಹುದು ಎಂದರು.

ಜೇಬೆಜ್ ಓಡಿ ಬಂದು ಹೆಂಡತಿಗೆ ಹೇಳಿದ. ಅವಳು ಕೂಸಿಗೆ ಹಾಲು ಕೊಡುತ್ತಿದ್ದಳು. "ನಿಮಗೆ ಇದೆಯಾ ಆ ನಂಬಿಕೆ?" ಎಂದಳು.

"ಯಾವುದು?"

"ಹೇಳ್ತೀನಿ ಅಂತ ಒಪ್ಕೊಂಡು ಬಂದ್ರಲ್ಲ, ಅದು."

"ಇದೆಯೋ ಇಲ್ವೋ ಯಾರಿಗೆ ಗೊತ್ತು ಮಾರಾಯ್ತಿ. ಹೇಳಿದ್ರೆ ಮುಗೀತು. ನಿನಗೋಸ್ಕರ ತಾನೇ ಇಷ್ಟೆಲ್ಲ?"

ಅವಳು ಕೂಸನ್ನು ಇನ್ನೊಂದು ಮಗ್ಗುಲಿಗೆ ಬದಲಾಯಿಸಿಕೊಂಡಳು. "ಹೌದು, ನನಗೋಸ್ಕರ," ಎಂದಳು.

ಸಬ್ಬತ್ ದಿನ ಸಭಾಮಂದಿರದಲ್ಲಿ ಚಳಿ ಎಲುಬು ಕೊರೆಯುತ್ತಿತ್ತು. ಒಳಗೆ ಬೆಂಕಿ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ. ಜೇಬೆಜ್ ಹಂದಿಯ ಪಾಪವನ್ನು ಒಪ್ಪಿಕೊಂಡ, ನಂಬಿಕೆಯ ಮಾತನ್ನು ತಡವರಿಸದೆ ಹೇಳಿದ, ಕೂಸನ್ನು ಎತ್ತಿಕೊಂಡು ಪೀಠದ ಮುಂದೆ ಹೋಗಿ ನಿಂತ. ಸಭೆಯೆಲ್ಲ ಎದ್ದು ನಿಂತಿತು. ಅಷ್ಟೂ ಜನರ ಕಣ್ಣು ಅವನ ಮೇಲೆ. ತಿರುಗುತ್ತಾನೋ ಎಂದು ಸ್ಟೋಕ್ಸ್ ಕೋಲು ಹಿಡಿದು ಎರಡು ಹೆಜ್ಜೆ ಹತ್ತಿರವೇ ಬಂದು ನಿಂತಿದ್ದ. ಜೇಬೆಜ್ ಗೂಟ ಹೊಡೆದ ಹಾಗೆ ನಿಂತ. ಪಾದ್ರಿಗಳು ತವರದ ಬೋಗುಣಿಯಲ್ಲಿ ಕೈ ಅದ್ದಿದರು.

ಹೆಂಗಸರ ಕಡೆಯಿಂದ ಗುಸುಗುಸು ಎದ್ದಿತು. ಪಾದ್ರಿಗಳು ಅತ್ತ ನೋಡಿದರು, ಜೇಬೆಜ್ ಅತ್ತ ನೋಡಿದ. ಮೂರನೆಯ ಸಾಲಿನ ತುದಿಯಲ್ಲಿ ಡಾರ್ಕಸ್ ಬೆನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ನಿಂತಿದ್ದಳು.

ಬಾಣಂತಿ, ತಲೆ ಸುತ್ತಿರಬೇಕು ಎಂದಳು ಪೆಲ್ ಅವರ ಹೆಂಡತಿ. ಹೌದು ಹೌದು ಎಂದಿತು ಇಡೀ ಸಾಲು. ಪಾದ್ರಿಗಳೂ ಆ ಮಾತನ್ನು ಹಿಡಿದುಕೊಂಡರು. "ಸೋದರಿ, ಮೈ ಸರಿ ಇಲ್ವೇನಮ್ಮಾ?"

"ಚೆನ್ನಾಗಿದ್ದೀನಿ ಅಯ್ಯಾ," ಎಂದಳು ಡಾರ್ಕಸ್, ಗೋಡೆಗೆ.

"ಆ ಕಡೆ ಏನಾದ್ರೂ..." ಪಾದ್ರಿಗಳು ಕಷ್ಟಪಟ್ಟು ಕೇಳಿದರು. "ಏನಾದ್ರೂ ಕಾಣ್ತಿದೆಯಾ? ಹಂದಿ ಗಿಂದಿ?"

"ಇಲ್ಲ ಅಯ್ಯಾ. ಈ ಕಡೆ ಬರೀ ಗೋಡೆ."

ಪಾದ್ರಿಗಳ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಹಾಗಾದ್ರೆ ಯಾಕಮ್ಮಾ?"

"ನೀವೇ ಹೇಳಿಕೊಟ್ರಲ್ಲ ಅಯ್ಯಾ, ಎಲ್ಲರ ಕೂಸನ್ನೂ ತಗೋತಾನೆ ಅಂತ."

"ಅದು ಸ್ಟೂಲಿನ ಮಾತು ತಾಯೀ!" ಎಂದರು ಪಾದ್ರಿಗಳು. ಆ ಮನೆಗೆ ಹೋಗದವರಿಗೆ ಏನೂ ಅರ್ಥವಾಗಲಿಲ್ಲ.

"ಗೊತ್ತು. ಎರಡು ವರ್ಷದಲ್ಲಿ ನನ್ನ ಮಗನಿಗೆ ಅಂತ ಯಾರಾದ್ರೂ ಒಂದು ಒಳ್ಳೆ ಮಾತು ಆಡಿದ್ದು ಅದೊಂದೇ." ಅವಳ ಧ್ವನಿ ಏರಲಿಲ್ಲ. "ಇವಳಿಗೆ ಈ ನೀರು ಬೇಕೇ ಬೇಕು ಅಂತ ನಾನು ಆ ಕಡೆ ನೋಡ್ಕೊಂಡು ನಿಂತ್ರೆ, ಅವನಿಗೆ ಏನೂ ಗತಿ ಇಲ್ಲ ಅಂತ ನಾನೇ ಹೇಳ್ದ ಹಾಗೆ. ಬೇರೆಯವರು ಹೇಳ್ಲಿ. ನಾನು ಹೇಳಲ್ಲ."



ಪೆಲ್ ಅವರು ಮೊದಲು ಚೇತರಿಸಿಕೊಂಡರು. "ತಂದೆ ತಂದಿದ್ದಾನೆ, ತಂದೆ ಸರಿಯಾದ ಕಡೆ ಮುಖ ಮಾಡಿದ್ದಾನೆ. ಅಷ್ಟು ಸಾಕು," ಎಂದರು. "ಹೆಂಗಸಿನ ವಿಷಯ ಆಮೇಲೆ ನೋಡ್ಕೊಳ್ಳೋಣ. ನೀರು ಹಾಕಿ ಅಯ್ಯಾ."

ಅದು ನಿಜವೇ. ನಮ್ಮಲ್ಲಿ ತಂದೆ ಕೂಸನ್ನು ಹಿಡಿದರೆ ಸಾಕು. ಜೇಬೆಜ್ ಕೈಯನ್ನು ನಾಲ್ಕು ಬೆರಳು ಮುಂದೆ ಚಾಚಿದರೆ ನೀರು ಬೀಳುತ್ತದೆ, ಅವನ ಹೆಸರು ಶುದ್ಧವಾಗಿರುತ್ತದೆ, ಮನೆ ಉಳಿಯುತ್ತದೆ, ಒಂಬತ್ತು ವರ್ಷದ ಹೊಲ ಉಳಿಯುತ್ತದೆ. ಹೆಂಡತಿಗೆ ಬುಧವಾರ ಬುಧವಾರ ಬುದ್ಧಿ ಹೇಳುತ್ತಾರೆ. ಇವನ್ನೆಲ್ಲ ಅವನು ಅಲ್ಲಿ ನಿಂತೇ ಯೋಚಿಸಿದ. ಅಬ್ರಹಾಮನನ್ನು ಯೋಚಿಸಲಿಲ್ಲ. ಆ ಜನವರಿಯಲ್ಲಿ ನೆಲ ಕಲ್ಲಿನ ಹಾಗೆ ಹೆಪ್ಪುಗಟ್ಟಿತ್ತು. ಗುದ್ದಲಿ ಇಳಿಯದೆ, ಒಂದು ಮೊಳದಷ್ಟು ಜಾಗದಲ್ಲಿ ಅರ್ಧ ದಿನ ಬೆಂಕಿ ಹಾಕಿ, ನೆಲ ಮೆತ್ತಗಾದ ಮೇಲೆ ಅಗೆದಿದ್ದ. ಅಷ್ಟು ಸಣ್ಣ ಗುಂಡಿ ತೆಗೆಯಲು ಅಷ್ಟು ಹೊತ್ತು ಹಿಡಿದದ್ದಕ್ಕೆ ಅವನಿಗೆ ಯಾರ ಮೇಲೋ ಕೋಪ ಬಂದಿತ್ತು. ಯಾರ ಮೇಲೆ ಎಂದು ಅವನು ಆಗ ಕೇಳಿಕೊಂಡಿರಲಿಲ್ಲ. ಅದನ್ನು ಡಾರ್ಕಸ್‌ಗೂ ಹೇಳಿರಲಿಲ್ಲ. ಅವಳೊಬ್ಬಳದೇ ದುಃಖ ಎನ್ನುವ ಹಾಗೆ ಎರಡು ವರ್ಷ ಅವಳನ್ನು ಸಂತೈಸಿಕೊಂಡು ಬಂದಿದ್ದ.

"ಕೊಡಪ್ಪಾ ಸೋದರ," ಎಂದರು ಪಾದ್ರಿಗಳು. ಪಾಪ, ಅವರ ಕೈಯೂ ಮರಗಟ್ಟುತ್ತಿತ್ತು.

"ತಪ್ಪು ತಿಳೀಬೇಡಿ ಅಯ್ಯಾ," ಎಂದ ಜೇಬೆಜ್.

ಅವನು ಕೂಸನ್ನು ಎದೆಗೆ ಒತ್ತಿಕೊಂಡು ಪೀಠದ ಮುಂದಿನಿಂದ ಹೊರಟು ಬಂದ. ನಡುವಿನ ದಾರಿ ದಾಟಿ ಹೆಂಗಸರ ಕಡೆ ಹೋದ. ಆರಾಧನೆಯ ಹೊತ್ತಿನಲ್ಲಿ ಆ ದಾರಿಯನ್ನು ಒಬ್ಬ ಗಂಡಸು ದಾಟಿದ್ದನ್ನು ಮಾರ್ಷ್‌ವೆಲ್ ಅವತ್ತಿನವರೆಗೆ ಕಂಡಿರಲಿಲ್ಲ. ಸ್ಟೋಕ್ಸ್ ಕೋಲನ್ನು ಆ ತುದಿ ಈ ತುದಿ ತಿರುಗಿಸಿ ನೋಡಿ ಕೆಳಗಿಳಿಸಿದ. ಮೂರನೆಯ ಸಾಲಿನ ಹೆಂಗಸರು ಲಂಗ ಒತ್ತರಿಸಿಕೊಂಡು ದಾರಿ ಬಿಟ್ಟರು. ಜೇಬೆಜ್ ಹೆಂಡತಿಯ ಪಕ್ಕ ಹೋಗಿ, ಪೀಠಕ್ಕೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ನಿಂತ.

ಡಾರ್ಕಸ್ ಗೋಡೆಯಿಂದ ಕಣ್ಣು ತೆಗೆಯಲಿಲ್ಲ. "ನೀರು ಬಿತ್ತಾ?" ಎಂದಳು ಮೆಲ್ಲಗೆ.

"ಇಲ್ಲ."

ಅವಳು ಎರಡೂ ಕೈ ಚಾಚಿದಳು. "ಕೊಡಿ ಇಲ್ಲಿ. ನಿಮ್ಮ ಕೈ ನಡುಗ್ತಿದೆ."

"ಚಳಿಗೆ," ಎಂದ ಜೇಬೆಜ್. ಕೂಸನ್ನು ಅವಳ ಕೈಗೆ ಕೊಟ್ಟ. ಆಮೇಲೆ ಅವಳಿಗೆ ಮಾತ್ರ ಕೇಳುವ ಹಾಗೆ, "ಇಲ್ಲ, ಭಯಕ್ಕೆ," ಎಂದ.